ಅಂಕಿಗಳ ಚಿತ್ರ: ಗಣಕದ ಚಾರ್ಟುಗಳನ್ನು ತಿದ್ದಿಕೊಳ್ಳುವ ಬಗೆ

ಗಡಿನಾಡಿನ ಕನ್ನಡ ಶಾಲೆಗಳ ವಿಷಯವಾಗಿ ಲೇಖನ ಬರೆಯುವುದಿರಲಿ, ಅಧಿಕಾರಿಗಳಿಗೆ ಮನವಿ ಸಲ್ಲಿಸುವುದಿರಲಿ, ಅಂಕಿಗಳಿಲ್ಲದೆ ಕೆಲಸ ಸಾಗುವುದಿಲ್ಲ. ಅಂಕಿಗಳನ್ನು ಸಾಲುಸಾಲಾಗಿ ಬರೆದುಕೊಟ್ಟರೆ ಓದುವವರು ಕಡಿಮೆ; ಅವನ್ನೇ ಚಿತ್ರರೂಪದಲ್ಲಿ ಕೊಟ್ಟರೆ ಒಂದೇ ನೋಟಕ್ಕೆ ಮನಸ್ಸಿಗೆ ಹತ್ತುತ್ತವೆ. ಈ ಉಪಾಯವನ್ನು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರನು 1786ರಲ್ಲಿ ಪ್ರಕಟಿಸಿದ ತನ್ನ ವಾಣಿಜ್ಯದ ಅಟ್ಲಾಸಿನಲ್ಲಿ ಬಳಸಿ ತೋರಿಸಿದನು. ವೃತ್ತಚಿತ್ರವನ್ನು 1801ರಲ್ಲಿ ಅವನೇ ಕೊಟ್ಟನು. ಅವನು ಕೈಯಾರೆ ಎಳೆದ ಗೆರೆಗಳನ್ನು ಇಂದು ಎಕ್ಸೆಲ್, ಲಿಬ್ರೆ ಆಫೀಸ್ ಕ್ಯಾಲ್ಕ್ ಮೊದಲಾದ ತಂತ್ರಾಂಶಗಳು ಕ್ಷಣಮಾತ್ರದಲ್ಲಿ ಎಳೆದುಕೊಡುತ್ತವೆ. ಆದರೆ ಅಳತೆಯ ಗೆರೆ ಎಲ್ಲಿಂದ ಆರಂಭವಾಗಬೇಕು, ಯಾವುದನ್ನು ಯಾವುದರ ಪಕ್ಕದಲ್ಲಿ ಇಡಬೇಕು ಎಂಬುದನ್ನು ಪ್ಲೇಫೇರನು ತಾನೇ ಯೋಚಿಸಿ ನಿಶ್ಚಯಿಸಬೇಕಾಗಿತ್ತು. ನಮ್ಮ ಪಾಲಿಗೆ ಆ ನಿಶ್ಚಯವನ್ನು ಯಂತ್ರವು ನಮ್ಮನ್ನು ಕೇಳದೆಯೇ ಮಾಡಿಬಿಡುತ್ತದೆ. ಯಂತ್ರದ ಊಹೆ ಎಲ್ಲೆಲ್ಲಿ ನಡೆಯುತ್ತದೆ, ಅದನ್ನು ತಿದ್ದುವ ಬಗೆ ಯಾವುದು ಎಂಬುದನ್ನು ನಮ್ಮ ಕೆಲಸಕ್ಕೆ ಬೇಕಾಗುವಷ್ಟರ ಮಟ್ಟಿಗೆ ಇಲ್ಲಿ ವಿವರಿಸುತ್ತೇವೆ. ಮೆನುಗಳ ಹೆಸರುಗಳು ಎಕ್ಸೆಲ್ಲಿನವು. ಕ್ಯಾಲ್ಕಿನಲ್ಲಿ ದಾರಿ ಬೇರೆಯಾದಲ್ಲಿ ಹಾಗೆಂದು ಹೇಳಿದ್ದೇವೆ.

ಉದಾಹರಣೆಗೆ ಜನಗಣತಿಯ ಒಂದು ಸಣ್ಣ ಕೋಷ್ಟಕವನ್ನೇ ತೆಗೆದುಕೊಳ್ಳೋಣ. ಇಡೀ ಭಾರತದಲ್ಲಿ ಕನ್ನಡ ಮಾತನಾಡುವವರ ಸಂಖ್ಯೆ 1971ರಲ್ಲಿ 2,17,10,649; 1981ರಲ್ಲಿ 2,56,97,146; 1991ರಲ್ಲಿ 3,27,53,676; 2001ರಲ್ಲಿ 3,79,24,011; 2011ರಲ್ಲಿ 4,37,06,512. ದೇಶದ ಜನಸಂಖ್ಯೆಯಲ್ಲಿ ಇವರ ಪಾಲು ಕ್ರಮವಾಗಿ ನೂರಕ್ಕೆ 3.96, 3.86, 3.91, 3.69, 3.61. (2011ರ ಲೆಕ್ಕದಲ್ಲಿ ನೀಲಗಿರಿಯ ಬಡಗ ಮಾತೂ ಕನ್ನಡದ ಗುಂಪಿನಲ್ಲೇ ಎಣಿಕೆಯಾಗಿದೆ ಎಂಬುದನ್ನು ಚಾರ್ಟಿನ ಕೆಳಗೆ ಬರೆಯುವುದು ಒಳ್ಳೆಯದು, ಬಡಗ ಬಂಧುಗಳು ಅದನ್ನು ಕೇಳಿಯೇ ಕೇಳುತ್ತಾರೆ.)

ಇಸವಿ, ಸಂಖ್ಯೆ ಎಂಬ ಎರಡು ಕಂಬಸಾಲುಗಳನ್ನು ಗುರುತುಮಾಡಿ ಚಾರ್ಟ್ ಹಾಕಿದೊಡನೆ ಮೊದಲನೆಯ ತೊಡಕು ಎದುರಾಗುವುದುಂಟು. ಇಸವಿಗಳೂ ಅಂಕಿಗಳೇ ಆದುದರಿಂದ ಯಂತ್ರವು 1971, 1981 ಎಂಬವನ್ನೂ ಜನರ ಸಂಖ್ಯೆಯೆಂದೇ ತಿಳಿದು ಅವಕ್ಕೂ ಒಂದು ಗೆರೆ ಎಳೆದು, ಕೆಳಗೆ ಇಸವಿ ಇರಬೇಕಾದಲ್ಲಿ 1, 2, 3 ಎಂದು ಬರೆಯುತ್ತದೆ. ಇದಕ್ಕೆ ಪರಿಹಾರ ಸುಲಭ. ಚಾರ್ಟ್ ಹಾಕುವ ಮೊದಲೇ ಇಸವಿ ಎಂಬ ತಲೆಬರಹವನ್ನು ಅಳಿಸಿ ಆ ಮೂಲೆಯ ಮನೆಯನ್ನು ಖಾಲಿ ಬಿಟ್ಟರೆ ಯಂತ್ರಕ್ಕೆ ಸಂಗತಿ ಅರ್ಥವಾಗುತ್ತದೆ. ಚಾರ್ಟ್ ಆಗಲೇ ಬಂದಿದ್ದರೆ ಅದರ ಮೇಲೆ ಬಲಗುಂಡಿ ಒತ್ತಿ ‘ಸೆಲೆಕ್ಟ್ ಡೇಟಾ’ ತೆರೆದು, ಎಡಗಡೆಯ ಪಟ್ಟಿಯಿಂದ ಇಸವಿಯನ್ನು ತೆಗೆದುಹಾಕಿ, ಬಲಗಡೆಯ ಪಟ್ಟಿಯಲ್ಲಿ ‘ಎಡಿಟ್’ ಒತ್ತಿ ಇಸವಿಗಳ ಮನೆಗಳನ್ನು ತೋರಿಸಬೇಕು. ಕ್ಯಾಲ್ಕಿನಲ್ಲಿ ‘ಫಸ್ಟ್ ಕಾಲಮ್ ಆಸ್ ಲೇಬಲ್’ ಎಂಬಲ್ಲಿ ಗುರುತು ಹಾಕಿದರೆ ಸಾಕು.

ಇಸವಿಗಳ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವುಂಟು. ಸಾಮಾನ್ಯ ಗೆರೆಚಿತ್ರವು ಇಸವಿಗಳನ್ನು ಬರಿಯ ಹೆಸರುಗಳೆಂದು ಎಣಿಸಿ ಸಮಾನ ಅಂತರದಲ್ಲಿ ಕೂರಿಸುತ್ತದೆ. ಗಣತಿ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದಷ್ಟು ಕಾಲ ಇದರಿಂದ ಬಾಧಕವಿರಲಿಲ್ಲ. 2021ರಲ್ಲಿ ಆಗಬೇಕಾಗಿದ್ದ ಗಣತಿ ಮುಂದಕ್ಕೆ ಹೋಗಿ 2027ಕ್ಕೆ ನಿಗದಿಯಾದುದರಿಂದ, ನಾಳೆ ಆ ಅಂಕಿ ಬಂದಾಗ 2011ರಿಂದ 2027ರವರೆಗಿನ ಹದಿನಾರು ವರ್ಷಗಳೂ ಹಿಂದಿನ ಹತ್ತು ವರ್ಷಗಳಷ್ಟೇ ಜಾಗ ಹಿಡಿದು ಕುಳಿತುಕೊಳ್ಳುತ್ತವೆ. ಏರಿಕೆಯಾಗಲಿ ಇಳಿಕೆಯಾಗಲಿ ಇದ್ದುದಕ್ಕಿಂತ ಕಡಿದಾಗಿ ಕಾಣುತ್ತದೆ. ಅಂಥ ಕಡೆಗಳಲ್ಲಿ ‘ಲೈನ್’ ಬಿಟ್ಟು, ಬಿಂದುಗಳನ್ನು ಗೆರೆಯಿಂದ ಜೋಡಿಸುವ ‘ಸ್ಕ್ಯಾಟರ್’ ಎಂಬ ಬಗೆಯನ್ನು ಆರಿಸಬೇಕು. ಅದು ಇಸವಿಯನ್ನು ಅಳತೆಯೆಂದೇ ಭಾವಿಸಿ ಅಂತರಕ್ಕೆ ತಕ್ಕಂತೆ ಬಿಂದು ಇಡುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ತೊಡಕಿಗೆ ಬರೋಣ. ಮೇಲಿನ ನೂರಕ್ಕೆ ಪಾಲಿನ ಅಂಕಿಗಳನ್ನು ಎಕ್ಸೆಲ್ಲಿಗೆ ಕೊಟ್ಟು ಸ್ತಂಭಚಿತ್ರ ಹಾಕಿ ನೋಡಿದರೆ 1971ರ ಸ್ತಂಭ ಎತ್ತರವಾಗಿಯೂ 2011ರ ಸ್ತಂಭ ಅದರ ಅರ್ಧಕ್ಕಿಂತ ಗಿಡ್ಡವಾಗಿಯೂ ಕಾಣುತ್ತದೆ. ಕನ್ನಡಿಗರ ಪಾಲು ನಾಲ್ವತ್ತು ವರ್ಷಗಳಲ್ಲಿ ಅರ್ಧಕ್ಕೂ ಕೆಳಗಿಳಿಯಿತೆಂದು ನೋಡಿದವರು ಹೌಹಾರಬೇಕು! ನಿಜವಾಗಿ ಇಳಿದದ್ದು 3.96ರಿಂದ 3.61ಕ್ಕೆ, ಎಂದರೆ ಹತ್ತರಲ್ಲಿ ಒಂದು ಪಾಲೂ ಇಲ್ಲ. ಕಾರಣ ಹೀಗೆ: ಅತಿ ದೊಡ್ಡ ಅಂಕಿಗೂ ಅತಿ ಸಣ್ಣ ಅಂಕಿಗೂ ಇರುವ ವ್ಯತ್ಯಾಸವು ದೊಡ್ಡ ಅಂಕಿಯ ಆರನೆಯ ಒಂದು ಪಾಲಿಗಿಂತ ಕಡಿಮೆಯಾದರೆ ಎಕ್ಸೆಲ್ ಅಳತೆಯ ಗೆರೆಯನ್ನು ಸೊನ್ನೆಯಿಂದ ಆರಂಭಿಸುವುದಿಲ್ಲ. ಇಲ್ಲಿ ಅದು 3.4ರಿಂದ ಹೊರಟರೆ ಮೊದಲ ಸ್ತಂಭಕ್ಕೆ 0.56, ಕೊನೆಯದಕ್ಕೆ 0.21 ಎತ್ತರ ಮಾತ್ರ ಉಳಿಯುತ್ತದೆ. ಬುಡವನ್ನು ಕಡಿದ ಮರಗಳ ತಲೆಗಳನ್ನಷ್ಟೇ ಅಳೆದಂತೆ ಇದು.

ಇದು ನಮಗೆ ಬರಿಯ ಅಂದಚೆಂದದ ಪ್ರಶ್ನೆಯಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಕೊಡುವ ವಿಷಯದಲ್ಲಿ, ಶಾಲೆಯೊಟ್ಟಿಗೆ 40 ಮಕ್ಕಳು ಅಥವಾ ತರಗತಿಯಲ್ಲಿ 10 ಮಕ್ಕಳು ಇರಬೇಕೆಂಬ ಮೇರೆಯನ್ನು 1949ರಲ್ಲಿ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನ ಹಾಕಿತು. 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಇನ್ನು, ಒಂದು ಗಡಿಶಾಲೆಯ ಕನ್ನಡ ವಿಭಾಗದಲ್ಲಿ ಐದು ವರ್ಷ ಕ್ರಮವಾಗಿ 46, 45, 44, 43, 42 ಮಕ್ಕಳಿದ್ದರೆಂದು ಭಾವಿಸೋಣ. ಯಂತ್ರದ ಊಹೆಗೆ ಬಿಟ್ಟರೆ ಅಳತೆ 40ರ ಸುತ್ತಿನಿಂದ ಹೊರಡುತ್ತದೆ. ಸರಿಯಾಗಿ 40ರಿಂದ ಹೊರಟಿತೆನ್ನಿ: ಮೊದಲ ಸ್ತಂಭ ಆರು ಗೆರೆ ಎತ್ತರ, ಕೊನೆಯದು ಎರಡೇ ಗೆರೆ. ಇದನ್ನು ಕಂಡ ಅಧಿಕಾರಿ, ವಿಭಾಗ ಮುಚ್ಚುವ ಹಂತಕ್ಕೆ ಬಂದಿದೆ ಎಂದು ತೀರ್ಮಾನಿಸಿದರೆ ತಪ್ಪು ಯಾರದು? ಕಡಿಮೆಯಾದವರು 46ರಲ್ಲಿ ನಾಲ್ವರು ಮಾತ್ರ. 42 ಮಕ್ಕಳು ಇನ್ನೂ ಬೆಂಚಿನ ಮೇಲೆ ಇದ್ದಾರೆ.

ಆದುದರಿಂದ ಸ್ತಂಭಚಿತ್ರವಾದರೆ ಅಳತೆಯ ಗೆರೆಯ ಮೇಲೆ ಬಲಗುಂಡಿ ಒತ್ತಿ ‘ಫಾರ್ಮ್ಯಾಟ್ ಆಕ್ಸಿಸ್’ ತೆರೆದು ‘ಮಿನಿಮಮ್’ ಎಂಬಲ್ಲಿ 0 ಎಂದು ನಾವೇ ಬರೆಯಬೇಕು. ಮೇರೆಯನ್ನು ತೋರಿಸಬೇಕೆನಿಸಿದರೆ ಕೋಷ್ಟಕದಲ್ಲಿ ಇನ್ನೊಂದು ಕಂಬಸಾಲು ಮಾಡಿ ಪ್ರತಿ ವರ್ಷದ ಎದುರಿಗೂ 40 ಎಂದು ಬರೆದು ಚಾರ್ಟಿಗೆ ಸೇರಿಸಿ, ಆ ಸ್ತಂಭಗಳ ಮೇಲೆ ಬಲಗುಂಡಿ ಒತ್ತಿ ‘ಚೇಂಜ್ ಸೀರೀಸ್ ಚಾರ್ಟ್ ಟೈಪ್’ನಲ್ಲಿ ‘ಲೈನ್’ ಆರಿಸಿದರೆ ಸ್ತಂಭಗಳ ಮೇಲೆ ಅಡ್ಡಗೆರೆಯೊಂದು ಹಾದುಹೋಗುತ್ತದೆ. ಇಳಿಕೆ ಎಷ್ಟು, ಮೇರೆಗೆ ಎಷ್ಟು ದೂರ ಎಂಬ ಎರಡು ಸಂಗತಿಗಳೂ ಆಗ ಸುಳ್ಳಿಲ್ಲದೆ ಕಾಣುತ್ತವೆ. ಬುಡ ಕಡಿದ ಚಿತ್ರ ನಮ್ಮ ಅಳಲನ್ನು ದೊಡ್ಡದು ಮಾಡಿ ತೋರಿಸುವುದಾದರೆ ಇರಲಿ ಬಿಡಿ ಎನ್ನುವ ಮಿತ್ರರೂ ಇದ್ದಾರೆ. ನಾವು ಅದನ್ನು ಒಪ್ಪುವುದಿಲ್ಲ. ಎದುರಿಗೆ ಕುಳಿತವರು ಒಂದು ಚಾರ್ಟಿನಲ್ಲಿ ಮೋಸ ಕಂಡರೆ ಉಳಿದ ನಿಜವಾದ ಅಂಕಿಗಳನ್ನೂ ನಂಬುವುದಿಲ್ಲ. ಗೆರೆಚಿತ್ರದ ಮಾತು ಸ್ವಲ್ಪ ಬೇರೆ. ಅಲ್ಲಿ ಕಣ್ಣು ಎತ್ತರವನ್ನು ನೋಡದೆ ಗೆರೆಯ ಓಟವನ್ನು ನೋಡುವುದರಿಂದ ಸೊನ್ನೆಯ ಕಟ್ಟುಪಾಡು ಅಷ್ಟು ಬಿಗಿಯಲ್ಲ, ಎಲ್ಲಿಂದ ಆರಂಭವೆಂಬುದನ್ನು ಎದ್ದು ಕಾಣುವಂತೆ ಬರೆದರಾಯಿತು.

ಇದಕ್ಕೆ ಸಮನಾದ ಅಪಾಯವುಳ್ಳದ್ದು ಖಾಲಿ ಮನೆಯ ಸಂಗತಿ. ಹತ್ತು ಶಾಲೆಗಳಿಂದ ಲೆಕ್ಕ ತರಿಸುವಾಗ ಒಂದೆರಡು ಶಾಲೆಗಳಿಂದ ಒಂದು ವರ್ಷದ್ದು ಬಾರದೆ ಹೋಗುವುದು ಎಲ್ಲರಿಗೂ ತಿಳಿದದ್ದೇ. ಆ ಮನೆಯನ್ನು ಚಾರ್ಟು ಮೂರು ಬಗೆಯಲ್ಲಿ ತೋರಿಸಬಲ್ಲದು: ಗೆರೆಯನ್ನು ಅಲ್ಲಿ ತುಂಡರಿಸಬಹುದು, ಸೊನ್ನೆಗೆ ಇಳಿಸಬಹುದು, ಆಚೀಚಿನ ಬಿಂದುಗಳನ್ನು ನೇರವಾಗಿ ಜೋಡಿಸಬಹುದು. ‘ಸೆಲೆಕ್ಟ್ ಡೇಟಾ’ದ ಒಳಗೆ ‘ಹಿಡನ್ ಅಂಡ್ ಎಂಪ್ಟಿ ಸೆಲ್ಸ್’ ಎಂಬಲ್ಲಿ ಈ ಆಯ್ಕೆಗಳಿವೆ. ಕ್ಯಾಲ್ಕಿನಲ್ಲಿ ‘ಪ್ಲಾಟ್ ಮಿಸ್ಸಿಂಗ್ ವ್ಯಾಲ್ಯೂಸ್’ ಎಂದಿದೆ. ಲೆಕ್ಕ ಬಾರದಿರುವುದು ಬೇರೆ, ಮಕ್ಕಳೇ ಇಲ್ಲದಿರುವುದು ಬೇರೆ. ಸೊನ್ನೆಗೆ ಇಳಿದ ಗೆರೆ, ಆ ವರ್ಷ ಕನ್ನಡ ವಿಭಾಗವೇ ಇರಲಿಲ್ಲವೆಂದು ಸಾರುತ್ತದೆ. ತುಂಡಾದ ಗೆರೆಯೇ ಪ್ರಾಮಾಣಿಕವಾದದ್ದು. ಸೂತ್ರ ಬಳಸಿ ಲೆಕ್ಕ ಹಾಕುವವರು ಇನ್ನೂ ಎಚ್ಚರವಾಗಿರಬೇಕು. ಸೂತ್ರವು ಎರಡು ಉದ್ಧರಣ ಚಿಹ್ನೆಗಳ ನಡುವೆ ಏನೂ ಇಲ್ಲದ್ದನ್ನು ಉತ್ತರವಾಗಿ ಕೊಟ್ಟಾಗ ಮನೆ ಕಣ್ಣಿಗೆ ಖಾಲಿಯಾಗಿ ಕಂಡರೂ ಎಕ್ಸೆಲ್ಲಿಗೆ ಅದು ಖಾಲಿಯಲ್ಲ, ಅಕ್ಷರ. ಅದನ್ನು ಸೊನ್ನೆಯೆಂದೇ ಚಿತ್ರಿಸುತ್ತದೆ. ಅಂಥಲ್ಲಿ ‘ಎನ್‌ಎ’ ಎಂಬ ಫಂಕ್ಷನ್ನನ್ನು ಉತ್ತರವಾಗಿ ಕೊಡಿಸಿದರೆ ಸೊನ್ನೆಯ ಬಿಂದು ಬೀಳುವುದಿಲ್ಲ. ಇದೇ ಸ್ಥಳದಲ್ಲಿ ಮತ್ತೊಂದು ಗುರುತುಂಟು: ಹಾಳೆಯಲ್ಲಿ ಯಾವುದಾದರೂ ಸಾಲನ್ನು ಮರೆಮಾಡಿದರೆ ಅದು ಚಾರ್ಟಿನಿಂದಲೂ ಮಾಯವಾಗುತ್ತದೆ, ಉಳಿಯಬೇಕೆಂದರೆ ‘ಶೋ ಡೇಟಾ ಇನ್ ಹಿಡನ್ ರೋಸ್ ಅಂಡ್ ಕಾಲಮ್ಸ್’ ಎಂಬುದನ್ನು ಒತ್ತಬೇಕು.

ಲೆಕ್ಕ ಬಂದಿದ್ದರೂ ಸ್ತಂಭ ಏಳದಿದ್ದರೆ ಆ ಮನೆಯ ಅಂಕಿಯು ಎಡಕ್ಕೆ ಅಂಟಿಕೊಂಡಿದೆಯೇ ಎಂದು ನೋಡಬೇಕು. ತಾನಾಗಿ ಎಡಕ್ಕೆ ಸರಿದ ಅಂಕಿಯನ್ನು ಯಂತ್ರ ಅಕ್ಷರವೆಂದು ತಿಳಿದಿದೆ ಎಂದರ್ಥ. ‘23 ಮಕ್ಕಳು’ ಎಂದು ಒಂದೇ ಮನೆಯಲ್ಲಿ ಬರೆಯುವ ಅಭ್ಯಾಸ ಇದಕ್ಕೆ ಸಾಮಾನ್ಯ ಕಾರಣ.

ದೇಶದ ಸಂಖ್ಯೆಯನ್ನೂ ನೂರಕ್ಕೆ ಪಾಲನ್ನೂ ಒಂದೇ ಚಾರ್ಟಿನಲ್ಲಿ ಹಾಕಹೊರಟರೆ, ಕೋಟಿಗಳ ಎದುರು 3.96 ಎಂಬುದು ನೆಲಕ್ಕೆ ಅಂಟಿದ ಗೆರೆಯಾಗಿ ಕಣ್ಣಿಗೇ ಬೀಳುವುದಿಲ್ಲ. ‘ಸೆಕೆಂಡರಿ ಆಕ್ಸಿಸ್’ ಆರಿಸಿ ಬಲಗಡೆಗೆ ಬೇರೆ ಅಳತೆ ಕೊಡಬಹುದು. ಆದರೆ ಎರಡು ಅಳತೆಗಳ ಗೆರೆಗಳು ಒಂದನ್ನೊಂದು ದಾಟುವ ಸ್ಥಳಕ್ಕೆ ಯಾವ ಅರ್ಥವೂ ಇಲ್ಲ. ಓದುಗರು ಮಾತ್ರ ಅಲ್ಲಿ ಏನೋ ಅರ್ಥ ಹುಡುಕುತ್ತಾರೆ. ಸಂಖ್ಯೆ ಇಮ್ಮಡಿಯಾಯಿತು, ಪಾಲು ತುಸು ಇಳಿಯಿತು ಎಂಬುದನ್ನು ಎರಡು ಪ್ರತ್ಯೇಕ ಚಾರ್ಟುಗಳಲ್ಲಿ ಒಂದರ ಕೆಳಗೊಂದು ಇಡುವುದೇ ನಮಗೆ ಸರಿಕಾಣುತ್ತದೆ. ಅಳತೆಯನ್ನು ಕೋಟಿಯಲ್ಲಿ ತೋರಿಸಲು ಮೆನುಗಳಲ್ಲಿ ತಡಕಾಡುವ ಬದಲು ಪಕ್ಕದ ಕಂಬಸಾಲಿನಲ್ಲಿ 1,00,00,000ದಿಂದ ಭಾಗಿಸಿ ಬಂದ ಅಂಕಿಗಳಿಗೆ ಚಾರ್ಟ್ ಹಾಕಿ ‘ಕೋಟಿಗಳಲ್ಲಿ’ ಎಂದು ಬರೆದುಬಿಡುವುದು ಹಗುರ.

ವೃತ್ತಚಿತ್ರದ ವಿಷಯದಲ್ಲಿ ಗಡಿನಾಡಿಗರು ವಿಶೇಷವಾಗಿ ಗಮನಿಸಬೇಕಾದದ್ದೊಂದಿದೆ. ಒಂದು ಜಿಲ್ಲೆಯ ಭಾಷೆಗಳನ್ನು ವೃತ್ತದಲ್ಲಿ ತೋರಿಸುವಾಗ ದೊಡ್ಡ ಭಾಷೆಯೊಂದು ಬಹುಪಾಲು ಜಾಗ ಹಿಡಿಯುತ್ತದೆ, ಸಣ್ಣವು ಕಡ್ಡಿಯಷ್ಟಾಗಿ ಅವುಗಳ ಹೆಸರುಗಳು ಒಂದರ ಮೇಲೊಂದು ಬೀಳುತ್ತವೆ. ಆಗ ‘ಪೈ ಆಫ್ ಪೈ’ ಎಂಬ ಎರಡು ವೃತ್ತಗಳ ಬಗೆಯನ್ನು ಹಲವರು ಆರಿಸುತ್ತಾರೆ. ಅದು ಕೋಷ್ಟಕದ ಕೊನೆಯ ಕೆಲವು ಸಾಲುಗಳನ್ನು ತಾನಾಗಿ ಎರಡನೆಯ ವೃತ್ತಕ್ಕೆ ತಳ್ಳಿ ಮೊದಲನೆಯದರಲ್ಲಿ ಅವಕ್ಕೆಲ್ಲ ‘ಅದರ್’ ಎಂಬ ಒಂದೇ ಹೆಸರಿಡುತ್ತದೆ. ಕನ್ನಡ ಕೊನೆಯ ಸಾಲಿನಲ್ಲಿದ್ದರೆ ಕನ್ನಡವೂ ‘ಇತರ’ವೇ! ಬೇರೆಯವರು ತಯಾರಿಸಿದ ಪಟ್ಟಿಗಳಲ್ಲಿ ಈ ‘ಇತರ’ದೊಳಗೆ ನಾವು ಸೇರಿಹೋಗುವುದು ಸಾಲದೇ? ನಾವೇ ಮಾಡುವ ಚಿತ್ರದಲ್ಲಾದರೂ ಕನ್ನಡ, ತುಳು, ಕೊಂಕಣಿ, ಮರಾಠಿಗಳು ತಮ್ಮ ತಮ್ಮ ಹೆಸರಿನಿಂದ ಇರಬೇಕಾದರೆ ಅಡ್ಡಪಟ್ಟಿಗಳ ಚಿತ್ರವೇ ಉತ್ತಮ. ಊರುಗಳ, ಶಾಲೆಗಳ ಉದ್ದನೆಯ ಹೆಸರುಗಳಿಗೂ ಇದೇ ಅನುಕೂಲ. ನಿಂತ ಸ್ತಂಭಗಳ ಕೆಳಗೆ ಅವು ಓರೆಯಾಗಿ ತಿರುಗುತ್ತವೆ, ಅಥವಾ ಜಾಗ ಸಾಲದೆ ಒಂದು ಬಿಟ್ಟು ಒಂದು ಹೆಸರು ಮಾತ್ರ ಕಾಣುತ್ತದೆ. ಅಡ್ಡಪಟ್ಟಿಯಲ್ಲಿ ಕೋಷ್ಟಕದ ಮೊದಲ ಸಾಲು ಚಿತ್ರದಲ್ಲಿ ಎಲ್ಲಕ್ಕಿಂತ ಕೆಳಗೆ ಬರುವುದು ಹಲವರಿಗೆ ಬೇಸರ ತರುತ್ತದೆ. ಹೆಸರುಗಳ ಗೆರೆಯ ‘ಫಾರ್ಮ್ಯಾಟ್ ಆಕ್ಸಿಸ್’ನಲ್ಲಿ ‘ಕ್ಯಾಟಗರೀಸ್ ಇನ್ ರಿವರ್ಸ್ ಆರ್ಡರ್’ ಎಂಬುದಕ್ಕೆ ಗುರುತು ಹಾಕಿದರೆ ಸಾಲು ಸರಿಹೋಗುತ್ತದೆ.

ಕನ್ನಡ ಅಕ್ಷರಗಳ ತೊಂದರೆಯನ್ನು ಹೇಳದಿದ್ದರೆ ಲೇಖನ ಅಪೂರ್ಣ. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಹೆಸರುಗಳು ಹಾಳೆಯಲ್ಲಿ ಸೊಗಸಾಗಿ ಕಂಡು ಚಾರ್ಟಿಗೆ ಬಂದೊಡನೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗುತ್ತವೆ. ಆ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ರೂಪಗಳನ್ನು ಕೂರಿಸಲಾಗಿತ್ತು. ಚಾರ್ಟು ತನ್ನದೇ ಫಾಂಟು ಹಾಕಿದಾಗ ವೇಷ ಕಳಚುತ್ತದೆ. ಚಾರ್ಟನ್ನು ಗುರುತುಮಾಡಿ ಅದೇ ಫಾಂಟನ್ನು ಮತ್ತೆ ಕೊಟ್ಟರೆ ತಾತ್ಕಾಲಿಕವಾಗಿ ಸರಿಯಾಗುತ್ತದೆ, ಮತ್ತೊಬ್ಬರ ಗಣಕದಲ್ಲಿ ಪುನಃ ಕೆಡುತ್ತದೆ. ಹೆಸರುಗಳನ್ನು ಯೂನಿಕೋಡಿಗೆ ಪರಿವರ್ತಿಸಿ ತುಂಗಾ, ನಿರ್ಮಲಾ ಯುಐ ಅಥವಾ ನೋಟೊ ಸಾನ್ಸ್ ಕನ್ನಡದಲ್ಲಿ ಇಡುವುದೇ ಶಾಶ್ವತ ಪರಿಹಾರ.

ಕೊನೆಯದಾಗಿ ಮುದ್ರಣ. ಇಂಥ ಸಂಚಿಕೆಗಳು ಬಹುಮಟ್ಟಿಗೆ ಕಪ್ಪು ಮಸಿಯಲ್ಲೇ ಅಚ್ಚಾಗುವುದರಿಂದ ಪರದೆಯ ಮೇಲಿನ ಕೆಂಪೂ ಹಸಿರೂ ಒಂದೇ ಬೂದು ಬಣ್ಣವಾಗುತ್ತವೆ. ‘ಪ್ಯಾಟರ್ನ್ ಫಿಲ್’ ಆರಿಸಿ ಒಂದಕ್ಕೆ ಓರೆಗೆರೆ, ಇನ್ನೊಂದಕ್ಕೆ ಚುಕ್ಕೆ ಕೊಡಬೇಕು. ಪಕ್ಕದ ಸೂಚಿಪೆಟ್ಟಿಗೆಯನ್ನು ತೆಗೆದು ಹೆಸರನ್ನು ಗೆರೆಯ ತುದಿಯಲ್ಲೇ ಬರೆದರೆ ಇನ್ನೂ ಲೇಸು. ಲೇಖನದೊಳಗೆ ಅಂಟಿಸುವಾಗ ಸುಮ್ಮನೆ ‘ಪೇಸ್ಟ್’ ಒತ್ತಿದರೆ ಚಾರ್ಟು ಆ ಕಡತದ ಬಣ್ಣ, ಅಕ್ಷರಗಳನ್ನು ತೊಟ್ಟುಕೊಂಡುಬಿಡುವುದುಂಟು. ‘ಪೇಸ್ಟ್ ಸ್ಪೆಷಲ್’ನಲ್ಲಿ ‘ಪಿಕ್ಚರ್’ ಆರಿಸಿ ಚಿತ್ರವಾಗಿ ಅಂಟಿಸಿ, ಅಂಕಿಗಳ ಮೂಲ ಹಾಳೆಯನ್ನು ಬೇರೆಯಾಗಿ ಲೇಖನದ ಜತೆಗೇ ಕಳುಹಿಸಬೇಕು. ಅಚ್ಚಿನ ಕರಡು ತಿದ್ದುವವರಿಗೆ 3.61ರ ಬದಲು 3.16 ಬಿದ್ದಿದೆಯೋ ಎಂದು ಹೋಲಿಸಿ ನೋಡಲು ಆ ಹಾಳೆಯೊಂದೇ ಆಧಾರ.