ರಿಯಾದ್ ಪಟ್ಟಣದ ಹಳೆಯ ಪೇಟೆಯೂ ಹೊಸ ಏಳಿಗೆಯೂ

ಅರಬ್ಬೀ ಭಾಷೆಯಲ್ಲಿ ರಿಯಾದ್ ಎಂದರೆ ತೋಟಗಳು. ಮರುಭೂಮಿಯ ನಡುವೆ ಹನೀಫಾ ಕಣಿವೆಯ ಬಾವಿಗಳೇ ಈ ಊರಿಗೆ ಜೀವಾಧಾರವಾಗಿದ್ದವು. 1902ರಲ್ಲಿ ಇಬ್ನ್ ಸೌದರು ಮಸ್ಮಕ್ ಕೋಟೆಯನ್ನು ಹಿಡಿದಾಗ ಇದು ಮಣ್ಣಿನ ಗೋಡೆಯೊಳಗಿನ ಚಿಕ್ಕ ಪಟ್ಟಣವಾಗಿತ್ತು. ಕೋಟೆಯ ಸಮೀಪದಲ್ಲಿರುವ ಜಲ್ ಎಂಬ ಹಳೆಯ ಪೇಟೆಯಲ್ಲಿ ಇಂದಿಗೂ ರತ್ನಗಂಬಳಿಗಳೂ ಅಗರೂ ಮಾರಾಟವಾಗುತ್ತವೆ. 1938ರಲ್ಲಿ ಆ ದೇಶದಲ್ಲಿ ಎಣ್ಣೆಯು ದೊರೆತ ಬಳಿಕ ಪಟ್ಟಣವು ಬಹಳವಾಗಿ ಬೆಳೆಯಿತು. 2024ರಲ್ಲಿ ಚಾಲಕರಿಲ್ಲದೆ ಓಡುವ ಮೆಟ್ರೋ ರೈಲು ಪ್ರಾರಂಭವಾಯಿತು. ಅದರ ಹಾದಿಗಳ ಒಟ್ಟು ಉದ್ದ 176 ಕಿಲೋಮೀಟರು.

ಆದರೆ ಇವೆಲ್ಲಕ್ಕಿಂತ ಮಿಗಿಲಾದ ಕಾರ್ಯವು 1960ರಲ್ಲಿ ನಡೆಯಿತೆಂದು ನಾವೆಣಿಸುತ್ತೇವೆ. ಆಗ ಅಲ್ಲಿಯ ಸರಕಾರವು ಹೆಣ್ಣುಮಕ್ಕಳಿಗಾಗಿ ಶಾಲೆಗಳನ್ನು ತೆರೆಯಿತು. ಕೆಲವೆಡೆ ತಂದೆಗಳೇ ವಿರೋಧಿಸಿದರು. ಈಗಲಾದರೋ ರಿಯಾದಿನ ಸ್ತ್ರೀಯರ ವಿಶ್ವವಿದ್ಯಾನಿಲಯದಲ್ಲಿಯೇ ಸಾವಿರಾರು ಯುವತಿಯರು ಓದುತ್ತಾರೆ. ಮಗಳನ್ನು ನಡುವೆಯೇ ಶಾಲೆ ಬಿಡಿಸಬೇಕೆಂದಿರುವ ತಂದೆತಾಯಿಗಳು ಇದನ್ನು ಆಲೋಚಿಸಬೇಕಾಗಿ ಬೇಡುತ್ತೇವೆ.