ಪಹಣಿ ತಾಣ ತೆರೆಯದಿದ್ದರೆ ಗಾಬರಿ ಬೇಡ
ಬೆಳೆಸಾಲಕ್ಕೆ ಪಹಣಿ ಬೇಕಾದಾಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ರೈತರಿಗೂ ‘ಭೂಮಿ’ ಜಾಲತಾಣವೇ ಆಸರೆ. ಅಲ್ಲಿ ‘ಡಿಎನ್‌ಎಸ್ ದೋಷ’ ಎಂಬ ಸಂದೇಶ ಕಂಡರೆ ದಾಖಲೆ ಅಳಿಸಿಹೋಗಿದೆ ಎಂದರ್ಥವಲ್ಲ. ತಾಣದ ಹೆಸರಿಗೆ ತಕ್ಕ ಅಂಕಿಗಳ ವಿಳಾಸವನ್ನು ಹುಡುಕಿಕೊಡುವ, 1983ರಲ್ಲಿ ರೂಪುಗೊಂಡ ಡಿಎನ್‌ಎಸ್ ವ್ಯವಸ್ಥೆಯಿಂದ ಉತ್ತರ ಬಂದಿಲ್ಲ, ಅಷ್ಟೇ.

ಮೊದಲು ವಿಳಾಸದ ಅಕ್ಷರಗಳನ್ನು ಪರಿಶೀಲಿಸಬೇಕು. ಯಾವ ತಾಣವೂ ತೆರೆಯದಿದ್ದರೆ ಮೋಡೆಮ್ ಆರಿಸಿ ಮತ್ತೆ ಚಾಲೂ ಮಾಡಬೇಕು. ಇದೊಂದೇ ತೆರೆಯದಿದ್ದರೆ ಮೊಬೈಲ್ ಇಂಟರ್ನೆಟ್‌ನಲ್ಲಿ ಪರೀಕ್ಷಿಸಬೇಕು. ಅಲ್ಲಿ ತೆರೆದರೆ ದೋಷ ಮೊದಲಿನ ಸಂಪರ್ಕದ್ದು. ಕಂಪ್ಯೂಟರ್‌ನ ಡಿಎನ್‌ಎಸ್ ಜಾಗದಲ್ಲಿ ಗೂಗಲ್‌ನ 8.8.8.8 ನಮೂದಿಸಿ ನೋಡಬಹುದು. ಎಲ್ಲಿಯೂ ತೆರೆಯದಿದ್ದರೆ ದೋಷ ಬಹುಪಾಲು ತಾಣದ ಕಡೆಯದೇ. ಕೆಲಕಾಲ ಕಾಯುವುದೇ ದಾರಿ.

ಆತುರದಲ್ಲಿ ಹೋಲಿಕೆಯ ಹೆಸರಿನ ತಾಣಕ್ಕೆ ಹಣ ಕಟ್ಟಬಾರದು. ಸರಕಾರಿ ತಾಣದ ಹೆಸರು ಸಾಮಾನ್ಯವಾಗಿ ‘ಡಾಟ್ ಗವ್ ಡಾಟ್ ಇನ್’ ಎಂದು ಕೊನೆಗೊಳ್ಳುತ್ತದೆ.