ಡಿಸ್ಕು ಜೋಡಿಸಿದರೂ ಕಡತ ಕಾಣದೇಕೆ?

ಲಿನಕ್ಸ್ ವ್ಯವಸ್ಥೆಯುಳ್ಳ ಗಣಕಯಂತ್ರಕ್ಕೆ ಯು.ಎಸ್.ಬಿ. ತಂತಿಯ ಮೂಲಕ ಹೊರಗಿನ ಹಾರ್ಡ್ ಡಿಸ್ಕನ್ನು ಜೋಡಿಸಿದಾಗ, ಸಾಮಾನ್ಯವಾಗಿ ಕೆಲವೇ ಕ್ಷಣಗಳಲ್ಲಿ ಅದರ ಚಿಹ್ನೆ ತೆರೆಯ ಮೇಲೆ ಮೂಡುವುದು. ಮೂಡದಿದ್ದರೆ ಡಿಸ್ಕು ಕೆಟ್ಟಿತೆಂದು ಬಗೆದು, ಅದನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಲು ಹೊರಡುವವರುಂಟು. ವರ್ಷಗಳಿಂದ ಕೂಡಿಸಿಟ್ಟ ಭಾವಚಿತ್ರಗಳೂ ಬರಹಗಳೂ ಇದರಿಂದ ಕೈಬಿಟ್ಟು ಹೋಗಬಹುದು. ಡಿಸ್ಕಿಗೂ ಕಡತಕ್ಕೂ ನಡುವೆ ಮೂರು ಮೆಟ್ಟಿಲುಗಳಿವೆ. ತಡೆಯಿರುವುದು ಯಾವ ಮೆಟ್ಟಿಲಿನಲ್ಲಿ ಎಂಬುದನ್ನು ನಾವು ಮೊದಲು ಅರಿಯಬೇಕು.

ಮೊದಲನೆಯ ಮೆಟ್ಟಿಲು ವಿದ್ಯುಚ್ಛಕ್ತಿ. ಯು.ಎಸ್.ಬಿ. 2.0 ನಿಯಮದಂತೆ ಒಂದು ಕಿಂಡಿಯಿಂದ 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್, ಎಂದರೆ 2.5 ವಾಟ್ ದೊರೆಯುತ್ತದೆ, 3.0 ನಿಯಮದಂತೆ 900 ಮಿಲಿಆಂಪಿಯರ್, ಎಂದರೆ 4.5 ವಾಟ್. ನಿಂತ ಗಾಡಿಯನ್ನು ಹೊರಡಿಸುವಾಗ ಎತ್ತುಗಳಿಗೆ ಹೆಚ್ಚು ಶ್ರಮವಾಗುವುದಷ್ಟೆ. ಹಾಗೆಯೇ ಡಿಸ್ಕಿನೊಳಗಿನ ತಟ್ಟೆಗಳು ತಿರುಗಲು ತೊಡಗುವಾಗ ಹೆಚ್ಚು ಶಕ್ತಿ ಬೇಕು. ಅದು ಸಾಲದಿದ್ದರೆ ಡಿಸ್ಕು ಮೇಲೇಳದು. ಬೇರೆ ಕಿಂಡಿಯನ್ನೂ ಬೇರೆ ತಂತಿಯನ್ನೂ ಪ್ರಯೋಗಿಸಿ ನೋಡಬೇಕು. 3.5 ಅಂಗುಲದ ಡಿಸ್ಕಿಗೆ ಅದರದೇ ಅಡಾಪ್ಟರ್ ಇರಲೇಬೇಕು. ಶಕ್ತಿ ಸಾಕಷ್ಟಿದ್ದೂ ಟಿಕ್ ಟಿಕ್ ಶಬ್ದ ನಿಲ್ಲದಿದ್ದರೆ ದೋಷವು ಯಂತ್ರಭಾಗದ್ದಾಗಿರಬಹುದು. ಆಗ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸುವುದು ಕ್ಷೇಮ.

ಎರಡನೆಯದು ಗುರುತು. ಟರ್ಮಿನಲ್ ತೆರೆದು, ಎಲ್, ಎಸ್, ಬಿ, ಎಲ್, ಕೆ ಎಂಬ ಐದು ಸಣ್ಣ ಅಕ್ಷರಗಳನ್ನು ಕೂಡಿಸಿ ಬರೆದರೆ, ಯಂತ್ರವು ತಾನು ಕಂಡ ಡಿಸ್ಕುಗಳ ಪಟ್ಟಿಯನ್ನು ಕೊಡುತ್ತದೆ. ನಮ್ಮ ಡಿಸ್ಕನ್ನು ಅದರ ಗಾತ್ರದಿಂದ ಗುರುತಿಸಬಹುದು. ಆದರೆ 1 ಟೆರಾಬೈಟಿನ ಡಿಸ್ಕು ಇಲ್ಲಿ ಸುಮಾರು 931 ಗಿಗಾ ಎಂದು ತೋರುವುದು. ಇದು ನಷ್ಟವಲ್ಲ. ತಯಾರಕರು 1000ದ ಲೆಕ್ಕದಲ್ಲಿ ಎಣಿಸಿದರೆ ಈ ಪಟ್ಟಿ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಪಟ್ಟಿಯಲ್ಲಿ ಡಿಸ್ಕು ಇದ್ದರೆ, ಯಂತ್ರ ಅದನ್ನು ಕಂಡಿದೆಯೆಂದೇ ಅರ್ಥ.

ಮೂರನೆಯದು ಮೌಂಟ್. ಲಿನಕ್ಸ್‌ನಲ್ಲಿ ಕಡತಗಳೆಲ್ಲ ಒಂದೇ ಮರದ ಕೊಂಬೆಗಳು. ಹೊಸ ಡಿಸ್ಕನ್ನು ಆ ಮರಕ್ಕೆ ಕಸಿ ಕಟ್ಟಿದಂತೆ ಒಂದು ಫೋಲ್ಡರಿಗೆ ಸೇರಿಸಬೇಕು. ಈ ಕೆಲಸವೇ ಮೌಂಟ್. ಕಸಿ ಹತ್ತಬೇಕಾದರೆ ಡಿಸ್ಕಿನ ಕಡತವ್ಯವಸ್ಥೆ ಲಿನಕ್ಸಿಗೆ ತಿಳಿದಿರಬೇಕು. ಎಕ್ಸ್‌ಫ್ಯಾಟ್ ವ್ಯವಸ್ಥೆಯನ್ನು ಓದುವ ಬಲ್ಮೆ ಲಿನಕ್ಸ್‌ನ ಮೂಲಭಾಗವಾದ ಕರ್ನೆಲ್‌ಗೆ 2019ರಲ್ಲಿ, ಅದರ 5.4ನೆಯ ಆವೃತ್ತಿಯಲ್ಲಿ ಬಂದಿತು. ಹಳೆಯ ಆವೃತ್ತಿಗಳಿಗೆ ಬೇರೆ ತಂತ್ರಾಂಶವನ್ನು ಸೇರಿಸಬೇಕು. ಇನ್ನು ವಿಂಡೋಸ್ ಯಂತ್ರದಿಂದ ಸರಿಯಾಗಿ ಬಿಡಿಸದೆ ಕಿತ್ತ ಎನ್.ಟಿ.ಎಫ್.ಎಸ್. ಡಿಸ್ಕನ್ನು ಲಿನಕ್ಸ್ ನಿರಾಕರಿಸುವುದುಂಟು; ಇಲ್ಲವೆ ಓದಲು ಮಾತ್ರ ಬಿಡುವುದುಂಟು. ಅದನ್ನು ಪುನಃ ವಿಂಡೋಸಿಗೆ ಜೋಡಿಸಿ, ದೋಷಪರೀಕ್ಷೆ ಮಾಡಿಸಿ, ಕ್ರಮವಾಗಿ ಬಿಡಿಸಿದರೆ ತೊಡಕು ಬಹುಮಟ್ಟಿಗೆ ನೀಗುವುದು.

ಕ್ರಮವಾಗಿ ಬಿಡಿಸುವುದು ಲಿನಕ್ಸ್‌ನಲ್ಲಿಯೂ ಅಷ್ಟೇ ಅಗತ್ಯ. ನಕಲು ಮುಗಿಯಿತೆಂದು ತೆರೆ ಸಾರಿದಾಗಲೂ ಕಡತದ ಕೊನೆಯ ಭಾಗ ಯಂತ್ರದ ಸ್ಮೃತಿಯಲ್ಲೇ ಉಳಿದಿರಬಹುದು. ಡಿಸ್ಕಿನ ವೇಗ ಸ್ಮೃತಿಯ ವೇಗಕ್ಕಿಂತ ಬಹಳ ಕಡಿಮೆ. ಅನ್‌ಮೌಂಟ್ ಮಾಡಿದಾಗ ಉಳಿದುದೆಲ್ಲ ಡಿಸ್ಕಿಗೆ ಇಳಿಯುವುದು. ಅಲ್ಲಿಯವರೆಗೆ ತಂತಿಯನ್ನು ಕೀಳಬಾರದು.

ಕಾಣದ ಕಡತ ಇಲ್ಲದ ಕಡತವಲ್ಲ. ಮೂರು ಮೆಟ್ಟಿಲುಗಳನ್ನೂ ಪರೀಕ್ಷಿಸಿ, ಬೇಕಾದುದರ ನಕಲು ಬೇರೆಡೆ ಇದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಫಾರ್ಮ್ಯಾಟ್ ಮಾಡುವ ಮಾತು.